ದಾನದ ರಸೀದಿಯಲ್ಲಿ ಕಾಣದ ಲೆಕ್ಕ

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡಿಗರನ್ನು ಕೇಳಿ ನೋಡಿ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಕಾರಿನ ರೇಡಿಯೋದಿಂದ ಅವರ ಕಿವಿಗೆ ಬೀಳುವ ಜಾಹೀರಾತುಗಳಲ್ಲಿ ಒಂದರ ಧಾಟಿ ಹೀಗಿರುತ್ತದೆ: ನಿಮ್ಮ ಹಳೆಯ ಕಾರನ್ನು ದಾನ ಮಾಡಿ, ನಾವೇ ಮನೆ ಬಾಗಿಲಿಗೆ ಬಂದು ಎಳೆದೊಯ್ಯುತ್ತೇವೆ, ಓಡುತ್ತಿರಲಿ ಕೆಟ್ಟು ನಿಂತಿರಲಿ ಚಿಂತೆಯಿಲ್ಲ, ತೆರಿಗೆ ವಿನಾಯಿತಿಯ ಕಾಗದವೂ ನಿಮ್ಮ ಕೈ ಸೇರುತ್ತದೆ. ಅನಾಥ ಮಕ್ಕಳ ಹೆಸರಿನಲ್ಲಿ, ಕ್ಯಾನ್ಸರ್ ರೋಗಿಗಳ ಹೆಸರಿನಲ್ಲಿ, ನಿವೃತ್ತ ಸೈನಿಕರ ಹೆಸರಿನಲ್ಲಿ ಈ ಕರೆ ಬರುತ್ತದೆ. ಸಾರ್ವಜನಿಕ ರೇಡಿಯೋ ಕೇಂದ್ರಗಳು ಕೇಳುತ್ತವೆ, ಧಾರ್ಮಿಕ ಸಂಸ್ಥೆಗಳು ಕೇಳುತ್ತವೆ, ಬಡವರಿಗೆ ಮನೆ ಕಟ್ಟಿಕೊಡುವವರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಆದರೆ ಈಚಿನ ವರ್ಷಗಳಲ್ಲಿ ಈ ಕರೆ ಗುಜರಿಗೆ ಹೋಗಬೇಕಾದ ಕಾರುಗಳಿಗಷ್ಟೇ ಸೀಮಿತವಾಗಿಲ್ಲ. ಸಂಗ್ರಾಹಕರು ಮುದ್ದಿನಿಂದ ಸಾಕಿದ ಅಪರೂಪದ ಕಾರುಗಳನ್ನೂ ಕೊಡಿ ಎಂದು ಇದೇ ಸಂಸ್ಥೆಗಳು ಕೇಳತೊಡಗಿವೆ. ಅವುಗಳಲ್ಲಿ ಜಪಾನಿನಿಂದ ಹಡಗಿನಲ್ಲಿ ತರಿಸಿಕೊಂಡ ಪುಟ್ಟ ಕ್ರೀಡಾ ಕಾರುಗಳೂ ಸೇರಿವೆ. ಇಂಥ ಒಂದು ಕಾರನ್ನು ಧರ್ಮಾರ್ಥ ಸಂಸ್ಥೆಗೆ ಕೊಟ್ಟು, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ರಸೀದಿಯನ್ನು ಕಡತಕ್ಕೆ ಸೇರಿಸುವ ಸಂಭಾವಿತನನ್ನು ನಾವೆಲ್ಲ ದಾನಿ ಎಂದು ಕರೆಯುತ್ತೇವೆ. ಆ ಬಿರುದನ್ನು ಅಷ್ಟು ಸುಲಭವಾಗಿ ಕೊಡುವುದಕ್ಕೆ ನಮ್ಮ ತಕರಾರಿದೆ. ಹಳೆಯ ಅಂಬಾಸಡರಿನಂಥ ಸಾಮಾನ್ಯ ಕಾರನ್ನು ಕೊಟ್ಟವನಿಗಿಂತ ಈತನ ವಿಷಯದಲ್ಲಿಯೇ ನಮ್ಮ ತಕರಾರು ಹೆಚ್ಚು. ಯಾಕೆಂದರೆ ಈತನ ಕೈಯಲ್ಲಿದ್ದದ್ದು ನಿಜವಾಗಿಯೂ ಬೆಲೆಯುಳ್ಳ ವಸ್ತು. ಆ ಬೆಲೆ ಬಡವನನ್ನು ತಲುಪದೆ ದಾರಿಯಲ್ಲೇ ಸೋರಿಹೋಗುವಂತೆ ಕೊಟ್ಟವನು ಈತನೇ.

ಈ ಕಾರು ಎಂಥದ್ದು ಎಂದು ತಿಳಿಯದೆ ಮಾತು ಮುಂದುವರಿಸುವಂತಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಜಪಾನ್ 1949ರಲ್ಲಿ ‘ಕೇ’ ಎಂಬ ಹೆಸರಿನ ವಾಹನ ವರ್ಗವೊಂದನ್ನು ರೂಪಿಸಿತು. ಕೇ ಎಂದರೆ ಹಗುರ. ಎಂಜಿನ್ ಇಷ್ಟೇ ಇರಬೇಕು, ಉದ್ದಗಲ ಇಷ್ಟೇ ಇರಬೇಕು ಎಂದು ಕಟ್ಟುಪಾಡು ಹಾಕಿ, ಅದಕ್ಕೆ ಪ್ರತಿಯಾಗಿ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿತು. ಸ್ಕೂಟರಿಗಿಂತ ಹೆಚ್ಚಿನದೇನನ್ನೂ ಕೊಳ್ಳಲಾಗದ ಕುಟುಂಬಕ್ಕೆ ನಾಲ್ಕು ಚಕ್ರದ ಮೇಲೊಂದು ಸೂರು ಸಿಗಲಿ ಎಂಬುದು ಅದರ ಹಿಂದಿನ ಯೋಚನೆ. ಎಂಜಿನ್ ಮಿತಿ 1955ರಲ್ಲಿ 360 ಸಿಸಿ ಆಯಿತು, 1976ರಲ್ಲಿ 550ಕ್ಕೆ ಏರಿತು, 1990ರಲ್ಲಿ 660ಕ್ಕೆ ಬಂದು ನಿಂತಿತು. 1958ರ ಸುಬಾರು 360 ಜಪಾನಿನ ಕೆಳಮಧ್ಯಮ ವರ್ಗವನ್ನು ರಸ್ತೆಗೆ ತಂದ ಕಾರು. ನಮಗೂ ಈ ವಂಶದ ಪರಿಚಯ ಚೆನ್ನಾಗಿಯೇ ಇದೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, ಮುಂದೆ ಎರಡು ದಶಕ ನಮ್ಮ ಗುಮಾಸ್ತರ, ಮಾಸ್ತರರ, ಸಣ್ಣ ವ್ಯಾಪಾರಿಗಳ ಕನಸಾಗಿದ್ದ ಮಾರುತಿ 800, ಕೇ ವರ್ಗದ ಸುಜುಕಿ ಆಲ್ಟೋಗೆ ಸ್ವಲ್ಪ ದೊಡ್ಡ ಎಂಜಿನ್ ಕೂರಿಸಿ ಮಾಡಿದ ಗಾಡಿಯೇ ಆಗಿತ್ತು.

ಬಡವರಿಗಾಗಿ ಹುಟ್ಟಿದ ಈ ವರ್ಗ ಜಪಾನ್ ಸಿರಿವಂತವಾದಾಗ ಆಟಿಕೆಯನ್ನೂ ಹೆತ್ತಿತು. ಷೇರು ಮತ್ತು ಭೂಮಿಯ ಬೆಲೆ ಆಕಾಶಕ್ಕೇರಿ, ದೇಶವಿಡೀ ಹಣದ ಅಮಲಿನಲ್ಲಿ ತೇಲುತ್ತಿದ್ದಾಗ ಯೋಜಿಸಿದ ಮೂರು ಕಾರುಗಳು 1991 ಮತ್ತು 1992ರಲ್ಲಿ ಹೊರಬಂದವು: ಹೋಂಡಾ ಬೀಟ್, ಸುಜುಕಿ ಕಪುಚಿನೋ, ಮಜ್ದಾ ಕಂಪೆನಿಯ ಆಟೋಜಾಮ್ ಎಜೆಡ್-1. ಅವು ಹೊರಬರುವ ಹೊತ್ತಿಗೆ ಅಮಲು ಇಳಿದಿತ್ತು, ಕೊಳ್ಳುವವರ ಕೈ ಬಿಗಿಯಾಗಿತ್ತು ಎಂಬುದು ಬೇರೆ ಮಾತು. ಮೂರೂ ಹೆಸರುಗಳ ಮೊದಲ ಅಕ್ಷರ ಕೂಡಿಸಿ ಅಭಿಮಾನಿಗಳು ಇವನ್ನು ಎ-ಬಿ-ಸಿ ಎನ್ನುತ್ತಾರೆ. ಎರಡೇ ಸೀಟು, 660 ಸಿಸಿಯೊಳಗಿನ ಎಂಜಿನ್, 64 ಅಶ್ವಶಕ್ತಿ. ಎಜೆಡ್-1ರ ಬಾಗಿಲುಗಳು ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆದುಕೊಳ್ಳುತ್ತವೆ. ಇಡೀ ಕಾರಿನ ತೂಕ 720 ಕಿಲೋ. ಅದು ತಯಾರಾದದ್ದು ಐದು ಸಾವಿರಕ್ಕಿಂತ ಕಡಿಮೆ. ಅಂದು ಜಪಾನಿನಲ್ಲಿಯೇ ಕೊಳ್ಳುವವರಿಗಾಗಿ ಕಾದು ನಿಂತಿದ್ದ ಕಾರನ್ನು ಇಂದು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ. ಚಂದದ ವಸ್ತು ಎಂಬುದರಲ್ಲಿ ಎರಡು ಮಾತಿಲ್ಲ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಚೇಷ್ಟೆ ತುಂಬಿದ ಎಂಜಿನಿಯರುಗಳ ಮೇಲೆ ನಮಗೂ ಪ್ರೀತಿಯಿದೆ.

ಅಮೆರಿಕಕ್ಕೆ ಇವು ಹೋಗುವ ದಾರಿ ವಿಚಿತ್ರವಾದದ್ದು. 1988ರಲ್ಲಿ ಬಂದ ಅಲ್ಲಿನ ಕಾನೂನಿನ ಪ್ರಕಾರ, ಆ ದೇಶದ ಸುರಕ್ಷತಾ ನಿಯಮಗಳಿಗೆ ಹೊಂದದ ವಿದೇಶಿ ಕಾರನ್ನು ಹಾಗೆಯೇ ತರಿಸಿಕೊಳ್ಳಬೇಕಾದರೆ ಅದಕ್ಕೆ 25 ವರ್ಷ ತುಂಬಿರಬೇಕು. ಹಾಗಾಗಿ 1991ರ ಬೀಟ್‌ಗೆ 2016ರಲ್ಲಿ, 1992ರ ಎಜೆಡ್-1ಕ್ಕೆ 2017ರಲ್ಲಿ ಬಾಗಿಲು ತೆರೆಯಿತು. ಬಲಗಡೆ ಸ್ಟೀರಿಂಗ್ ಇರುವ, ಹೆದ್ದಾರಿಯ ದೈತ್ಯ ಲಾರಿಗಳ ಚಕ್ರದೆತ್ತರಕ್ಕೂ ಸರಿಯಾಗಿ ಬಾರದ ಈ ಕಾರನ್ನು ದಿನಬಳಕೆಗೆಂದು ಯಾರೂ ತರಿಸುವುದಿಲ್ಲ. ತರಿಸುವವನ ಮನೆಯಲ್ಲಿ ಬೇರೆ ಕಾರುಗಳಿರುತ್ತವೆ. ಇದು ಭಾನುವಾರದ ಕಾರು. ಎಜೆಡ್-1 ಒಳ್ಳೆಯ ಸ್ಥಿತಿಯಲ್ಲಿದ್ದರೆ ಹತ್ತು ಸಾವಿರ ಡಾಲರಿಗೂ ಮೇಲೆ ಬಾಳುವ ಭಾನುವಾರ.

ಒಂದು ದಿನ ಈ ಭಾನುವಾರದ ಮೋಹ ತೀರುತ್ತದೆ. ಬಿಡಿಭಾಗ ಜಪಾನಿನಿಂದಲೇ ಬರಬೇಕು, ಊರಿನ ಮೆಕ್ಯಾನಿಕ್‌ಗೆ ಅದರ ತಲೆಬುಡ ಗೊತ್ತಿರುವುದಿಲ್ಲ, ಗ್ಯಾರೇಜಿನಲ್ಲಿ ಜಾಗ ಬೇಕಾಗಿದೆ. ಮಾರೋಣವೆಂದರೆ ಜಾಹೀರಾತು ಕೊಡಬೇಕು, ನೂರು ಜನರ ಪ್ರಶ್ನೆಗೆ ಉತ್ತರಿಸಬೇಕು, ಚೌಕಾಶಿ ಮಾಡಬೇಕು. ಆಗ ನೆನಪಾಗುತ್ತದೆ ರೇಡಿಯೋದ ಕರೆ. ಒಂದು ಫೋನು ಸಾಕು, ಲಾರಿ ಬಂದು ಎಳೆದೊಯ್ಯುತ್ತದೆ. ಗ್ಯಾರೇಜು ಖಾಲಿ, ಮನಸ್ಸು ಹಗುರ, ಮೇಲೆ ದಾನಿಯೆಂಬ ಹೆಸರು.

ಎಳೆದೊಯ್ದ ಮೇಲೆ ಏನಾಗುತ್ತದೆ? ಬಹಳ ಸಂಸ್ಥೆಗಳು ಕಾರನ್ನು ಕಣ್ಣಿನಿಂದಲೂ ನೋಡುವುದಿಲ್ಲ. ಕಾರು ಸಂಗ್ರಹಿಸುವುದು, ಎಳೆಯುವುದು, ಕಾಗದಪತ್ರ ಮಾಡುವುದು, ಹರಾಜು ಹಾಕುವುದು ಎಲ್ಲವನ್ನೂ ಲಾಭಕ್ಕಾಗಿ ನಡೆಯುವ ಏಜೆನ್ಸಿಗಳಿಗೆ ವಹಿಸಿರುತ್ತವೆ. ಅಮೆರಿಕದ ಸಂಸತ್ತಿನ ಲೆಕ್ಕ ತನಿಖಾ ಸಂಸ್ಥೆ 2003ರ ನವೆಂಬರಿನಲ್ಲಿ ಈ ವ್ಯವಹಾರದ ಬಗ್ಗೆ ಒಂದು ವರದಿ ಕೊಟ್ಟಿತು. 2000ದ ತೆರಿಗೆ ವರ್ಷದಲ್ಲಿ ಸುಮಾರು 7 ಲಕ್ಷ 33 ಸಾವಿರ ಜನ ವಾಹನ ದಾನದ ಹೆಸರಿನಲ್ಲಿ ವಿನಾಯಿತಿ ಪಡೆದಿದ್ದರು. ಅದರಿಂದ ಅವರಿಗೆ ಉಳಿದ ತೆರಿಗೆ ಅಂದಾಜು 65 ಕೋಟಿ 40 ಲಕ್ಷ ಡಾಲರ್. ತನಿಖಾಧಿಕಾರಿಗಳು 54 ದಾನಗಳನ್ನು ಆರಿಸಿಕೊಂಡು ಅವುಗಳ ಜಾಡು ಹಿಡಿದು ಹೋದರು. ಮೂರರಲ್ಲಿ ಎರಡು ಪಾಲು ದಾನಗಳಲ್ಲಿ, ದಾನಿ ತನ್ನ ತೆರಿಗೆ ಕಾಗದದಲ್ಲಿ ತೋರಿಸಿದ ಬೆಲೆಯ ಶೇಕಡಾ 5 ಅಥವಾ ಅದಕ್ಕಿಂತ ಕಡಿಮೆ ಮಾತ್ರ ಸಂಸ್ಥೆಯ ಕೈ ಸೇರಿತ್ತು.

ಆ ವರದಿಯ ಒಂದು ಉದಾಹರಣೆಯನ್ನು ಇಲ್ಲಿ ಹೇಳದಿರಲಾಗದು. 1983ರ ಜಿಎಂಸಿ ಟ್ರಕ್ಕೊಂದನ್ನು ಒಬ್ಬ ದಾನ ಮಾಡಿದ. ಅದು 375 ಡಾಲರಿಗೆ ಮಾರಾಟವಾಯಿತು. ಏಜೆನ್ಸಿಯ ಖರ್ಚು, ಜಾಹೀರಾತಿನ ಖರ್ಚು ಕಳೆದ ಮೇಲೆ ಉಳಿದದ್ದು 63 ಡಾಲರ್. ಅದರಲ್ಲಿ ಅರ್ಧ ಏಜೆನ್ಸಿಗೆ, ಅರ್ಧ ಸಂಸ್ಥೆಗೆ. ಅಂದರೆ ಧರ್ಮಕಾರ್ಯಕ್ಕೆ ತಲುಪಿದ್ದು 31 ಡಾಲರ್ 50 ಸೆಂಟ್. ದಾನಿ ತನ್ನ ತೆರಿಗೆ ಲೆಕ್ಕದಲ್ಲಿ ತೋರಿಸಿದ್ದು 2,400 ಡಾಲರ್. ಆತ ಸುಳ್ಳು ಹೇಳಿರಲಿಲ್ಲ, ಬೆಲೆಪಟ್ಟಿಯ ಪುಸ್ತಕ ನೋಡಿಯೇ ಬರೆದಿದ್ದ, ಕಾನೂನು ಅದಕ್ಕೆ ಅವಕಾಶ ಕೊಟ್ಟಿತ್ತು. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಅತ್ತೆಯ ಪಾತ್ರ ಸರಕಾರದ ಖಜಾನೆಯದು. ಖಜಾನೆಯೆಂದರೆ ತೆರಿಗೆ ಕಟ್ಟುವ ಉಳಿದ ಜನ. ದಾನವೆಂಬುದು ಇರುವುದು ಯಾರಿಗಾಗಿ, ಅವರು ನಡೆಸುವ ಶಾಲೆಗಳಿಗೂ ಆಸ್ಪತ್ರೆಗಳಿಗೂ ಹೋಗಬೇಕಾದ ಹಣ ಈ ಕಡೆಯಿಂದ ಸೋರಿತು.

ಅಮೆರಿಕದ ಸಂಸತ್ತಿಗೆ ಇದು ಅರ್ಥವಾಯಿತು ಎಂಬುದನ್ನು ಒಪ್ಪಬೇಕು. 2004ರ ಅಕ್ಟೋಬರಿನಲ್ಲಿ ಕಾನೂನು ಬದಲಾಯಿತು, 2005ರ ಜನವರಿಯಿಂದ ಜಾರಿಗೆ ಬಂತು. ಈಗ 500 ಡಾಲರಿಗಿಂತ ಹೆಚ್ಚಿನ ವಿನಾಯಿತಿ ಬೇಕಾದರೆ ಬೆಲೆಪಟ್ಟಿಯ ಬೆಲೆ ನಡೆಯುವುದಿಲ್ಲ. ಸಂಸ್ಥೆ ಆ ಕಾರನ್ನು ಮಾರಿ ಎಷ್ಟು ಪಡೆಯಿತೋ ಅಷ್ಟೇ ವಿನಾಯಿತಿ. ಮಾರಿದ 30 ದಿನಗಳೊಳಗೆ 1098-ಸಿ ಎಂಬ ನಮೂನೆಯಲ್ಲಿ ಆ ಮೊತ್ತವನ್ನು ಬರೆದು ದಾನಿಗೆ ಕೊಡಬೇಕು, ತೆರಿಗೆ ಇಲಾಖೆಗೂ ತಿಳಿಸಬೇಕು. ಸಂಸ್ಥೆ ತಾನೇ ಕಾರನ್ನು ತನ್ನ ಕೆಲಸಕ್ಕೆ ಗಂಭೀರವಾಗಿ ಬಳಸಿದರೆ, ದೊಡ್ಡ ರಿಪೇರಿ ಮಾಡಿ ಬೆಲೆ ಹೆಚ್ಚಿಸಿದರೆ, ಇಲ್ಲವೇ ಅಗತ್ಯವುಳ್ಳ ಬಡವನಿಗೆ ಕೊಟ್ಟರೆ ಅಥವಾ ತೀರಾ ಕಡಿಮೆ ಬೆಲೆಗೆ ಮಾರಿದರೆ ಮಾತ್ರ ಇದಕ್ಕೆ ವಿನಾಯಿತಿ.

ಒಳ್ಳೆಯ ತಿದ್ದುಪಡಿ. ಆದರೆ ಅದರಲ್ಲೊಂದು ತೂತು ಉಳಿಯಿತು, ನಮ್ಮ ವಾದವಿಡೀ ಆ ತೂತಿನ ಸುತ್ತಲೇ ಇದೆ. ನಮೂನೆಯಲ್ಲಿ ಬರೆಯುವುದು ಮಾರಾಟದ ಒಟ್ಟು ಮೊತ್ತವನ್ನು. ಸಾಗಾಟದ ಖರ್ಚು, ಏಜೆನ್ಸಿಯ ಪಾಲು, ಜಾಹೀರಾತಿನ ಖರ್ಚು ಕಳೆದು ಉಳಿದದ್ದೆಷ್ಟು ಎಂದು ಅಲ್ಲಿ ಬರೆಯಬೇಕಾಗಿಲ್ಲ. ಆದ್ದರಿಂದ ದಾನಿಯ ಕೈಯಲ್ಲಿರುವ ರಸೀದಿ ಇಂದಿಗೂ ಆತನಿಗೆ ಬೇಕಾದ ಲೆಕ್ಕವನ್ನಷ್ಟೇ ಹೇಳುತ್ತದೆ. ಹಸಿದವನ ತಟ್ಟೆಗೆ ಬಿದ್ದದ್ದೆಷ್ಟು ಎಂಬ ಲೆಕ್ಕ ಅದರಲ್ಲಿಲ್ಲ.

ಮಾಮೂಲಿ ಕಾರಿನ ವಿಷಯದಲ್ಲಿ ಈ ನಷ್ಟವನ್ನು ಹೇಗೋ ಸಹಿಸಬಹುದು. ಸಾವಿರ ಡಾಲರಿನ ಹಳೆಯ ಕೊರೊಲ್ಲಾ ಎಲ್ಲಿ ಹರಾಜಾದರೂ ಸಾವಿರದ ಆಸುಪಾಸಿಗೇ ಹೋಗುತ್ತದೆ, ಅದನ್ನು ಎಲ್ಲರೂ ಬಲ್ಲರು. ಎಜೆಡ್-1ರ ಗತಿ ಹಾಗಲ್ಲ. ಅದರ ಬೆಲೆ ಇರುವುದು ಅದನ್ನು ಬಲ್ಲವರ ಕಣ್ಣಿನಲ್ಲಿ ಮಾತ್ರ. ದಾನದ ಕಾರುಗಳನ್ನು ಸಾಲುಗಟ್ಟಿ ನಿಮಿಷಕ್ಕೊಂದರಂತೆ ಹರಾಜು ಹಾಕುವ ಬಯಲಿನಲ್ಲಿ ಆ ಕಣ್ಣುಗಳು ಇರುವ ಸಂಭವ ಕಡಿಮೆ. ಅಮೆರಿಕದಲ್ಲಿ 1981ರಿಂದೀಚೆಗಿನ ಪ್ರತಿ ಕಾರಿಗೂ 17 ಅಕ್ಷರಾಂಕಗಳ ಗುರುತು ಸಂಖ್ಯೆ ಇರುತ್ತದೆ. ಬೆಲೆ, ಇತಿಹಾಸ, ಅಪಘಾತದ ದಾಖಲೆ ಎಲ್ಲವೂ ಕಂಪ್ಯೂಟರಿನಲ್ಲಿ ಸಿಗುವುದು ಆ ಸಂಖ್ಯೆಯಿಂದ. ಜಪಾನಿನ ಮಾರುಕಟ್ಟೆಗೆಂದೇ ಮಾಡಿದ ಕಾರಿಗೆ ಅದಕ್ಕಿಂತ ಚಿಕ್ಕದಾದ ಚಾಸಿ ಸಂಖ್ಯೆ ಮಾತ್ರ ಇದೆ. ಕಂಪ್ಯೂಟರಿಗೆ ಆ ಕಾರು ಹುಟ್ಟಿಯೇ ಇಲ್ಲ. ಸಾಮಾನ್ಯ ಬೆಲೆಪಟ್ಟಿಯಲ್ಲಿ ಅದರ ಹೆಸರಿಲ್ಲ. ಜಪಾನಿನ ನೋಂದಣಿ ರದ್ದತಿ ಪತ್ರ, ಆಮದಿನ ಸುಂಕದ ಕಾಗದ ಇವೆಲ್ಲ ದಾನಿಯ ಮೇಜಿನ ಖಾನೆಯಲ್ಲೇ ಉಳಿದುಬಿಟ್ಟರಂತೂ ಕೊಳ್ಳುವವನು ಯಾವ ಧೈರ್ಯದಿಂದ ಬೆಲೆ ಕೂಗಿಯಾನು?

ಇನ್ನೊಂದು ತೊಡಕೂ ಇದೆ. ಕೇಂದ್ರದ 25 ವರ್ಷಗಳ ನಿಯಮ ಆಮದಿಗೆ ಒಪ್ಪಿಗೆ ಕೊಟ್ಟರೂ ರಸ್ತೆಯ ಮೇಲೆ ಓಡಿಸಲು ನೋಂದಣಿ ಕೊಡುವುದು ಆಯಾ ರಾಜ್ಯ. ಮೇನ್, ಜಾರ್ಜಿಯಾ ಮುಂತಾದ ಕೆಲವು ರಾಜ್ಯಗಳು ಈಚಿನ ವರ್ಷಗಳಲ್ಲಿ ಕೇ ವಾಹನಗಳ ನೋಂದಣಿಗೆ ತಡೆ ಹಾಕಿದವು. ಟೆಕ್ಸಾಸ್ ಹಾಗೆ ತಡೆ ಹಾಕಿ, ಮಾಲೀಕರು ಗಲಾಟೆ ಮಾಡಿದ ಮೇಲೆ 2024ರಲ್ಲಿ ಸಡಿಲಿಸಿತು. ರಾಜ್ಯಕ್ಕೊಂದು ನಿಯಮ, ವರ್ಷಕ್ಕೊಂದು ಬದಲಾವಣೆ. ಇಂಥ ಕಾರನ್ನು ಇಟ್ಟುಕೊಂಡ ಮಾಲೀಕನಿಗೇ ಇದು ತಲೆನೋವು. ಮಕ್ಕಳ ಆಸ್ಪತ್ರೆಗೆ ಹಣ ಕೂಡಿಸುವ, ನಾಲ್ಕು ಜನ ಗುಮಾಸ್ತರಿರುವ ಒಂದು ಕಚೇರಿಗೆ ಈ ತಲೆನೋವನ್ನು ಕಟ್ಟಿ ಅದನ್ನು ಔದಾರ್ಯ ಎನ್ನುವುದು ಹೇಗೆ?

ಕಾರು ನೇರವಾಗಿ ಬಡವನಿಗೇ ಸಿಗಲಿ ಎಂದು ಯಾರಾದರೂ ಹೇಳಬಹುದು. ಅಂಥ ಒಳ್ಳೆಯ ಸಂಸ್ಥೆಗಳು ಅಲ್ಲಿವೆ. ಮೇರಿಲ್ಯಾಂಡಿನ ವೆಹಿಕಲ್ಸ್ ಫಾರ್ ಚೇಂಜ್ 1999ರಿಂದ ದಾನವಾಗಿ ಬಂದ ಕಾರುಗಳನ್ನು ರಿಪೇರಿ ಮಾಡಿ ಕಡಿಮೆ ಆದಾಯದ ಕುಟುಂಬಗಳಿಗೆ ತಲುಪಿಸುತ್ತಿದೆ. ಬಸ್ಸು ಸರಿಯಾಗಿಲ್ಲದ ಆ ದೇಶದಲ್ಲಿ ಕಾರಿಲ್ಲದವನಿಗೆ ಕೆಲಸವೂ ಇಲ್ಲ ಎಂಬ ಸತ್ಯವನ್ನು ಅರಿತು ಮಾಡುವ ಕೆಲಸ ಅದು. ಅಲ್ಲಿ ಬೇಕಾದದ್ದು ನಾಲ್ಕು ಬಾಗಿಲಿನ, ಹಿಂದಿನ ಸೀಟಿನಲ್ಲಿ ಮಗುವನ್ನು ಕೂರಿಸಬಹುದಾದ, ಯಾವ ಊರಿನಲ್ಲೂ ಬಿಡಿಭಾಗ ಸಿಗುವ ಕಾರು. ಎರಡು ಸೀಟಿನ, ಬಲಗಡೆ ಸ್ಟೀರಿಂಗಿನ, ಬಾಗಿಲು ಆಕಾಶಕ್ಕೆ ಏಳುವ ಆಟಿಕೆಯನ್ನು ಎರಡು ಮಕ್ಕಳ ತಾಯಿಗೆ ಕೊಟ್ಟು ಏನು ಮಾಡೆನ್ನುವುದು? ಜಪಾನಿನ ಬಡವನಿಗಾಗಿ ಹುಟ್ಟಿದ ವಂಶದ ಕುಡಿ ಅಮೆರಿಕದ ಬಡವನಿಗೆ ಮೂರು ಕಾಸಿಗೂ ಉಪಯೋಗಕ್ಕೆ ಬಾರದು.

ಹಾಗಾದರೆ ಮ್ಯೂಸಿಯಂಗೆ ಕೊಡಬಹುದಲ್ಲ? ಕೊಡಬಹುದು. ನ್ಯಾಶ್‌ವಿಲ್‌ನ ಲೇನ್ ಮೋಟಾರ್ ಮ್ಯೂಸಿಯಂನಂಥ, ಪುಟ್ಟ ಮತ್ತು ವಿಚಿತ್ರ ಕಾರುಗಳನ್ನೇ ಪ್ರೀತಿಯಿಂದ ಕೂಡಿಟ್ಟ ಜಾಗಗಳಿವೆ. ಕೊಟ್ಟದ್ದನ್ನು ಅವರು ತಮ್ಮ ಸಂಗ್ರಹದಲ್ಲಿ ಇಟ್ಟುಕೊಂಡರೆ ಕಾನೂನೂ ದಾನಿಯ ಕಡೆಗಿದೆ. ಸಂಸ್ಥೆಯ ಉದ್ದೇಶಕ್ಕೆ ಸಂಬಂಧಿಸಿದ ವಸ್ತುವಿಗೆ ಪೂರ್ಣ ಬೆಲೆಯ ವಿನಾಯಿತಿ ಸಿಗುತ್ತದೆ, ಆದರೆ 5,000 ಡಾಲರ್ ಮೀರಿದ ವಸ್ತುವನ್ನು ಮೂರು ವರ್ಷದೊಳಗೆ ಮಾರಿದರೆ ಸಿಕ್ಕ ವಿನಾಯಿತಿಗೆ ಕುತ್ತು ಬರಬಹುದು ಎಂದು 2006ರ ಕಾನೂನು ಎಚ್ಚರಿಸುತ್ತದೆ. ಇದು ಕಲೆ ಮತ್ತು ಇತಿಹಾಸಕ್ಕೆ ಕೊಟ್ಟ ಕಾಣಿಕೆ, ಒಳ್ಳೆಯದೇ. ಬಡವನ ಹೆಸರನ್ನು ಮಾತ್ರ ಇದರ ಜೊತೆಗೆ ಎಳೆದು ತರಬಾರದು.

ಈಗ ನಮ್ಮ ಮೇಲೆ ಬರುವ ಆಕ್ಷೇಪಣೆ ನಮಗೆ ಗೊತ್ತಿದೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ! ಕೊಟ್ಟದ್ದೇ ದೊಡ್ಡದು, ಐದು ಪೈಸೆಯಾದರೂ ತಲುಪಿತಲ್ಲ, ಕೊಡದವರನ್ನು ಬಿಟ್ಟು ಕೊಟ್ಟವನನ್ನು ಯಾಕೆ ಕಾಡುತ್ತೀರಿ? ಆಕ್ಷೇಪಣೆಯಲ್ಲಿ ಅರ್ಧ ಸತ್ಯವಿದೆ. ಪಡೆದವನು ಮೊಳ ಹಾಕಬಾರದು, ನಿಜ. ಆದರೆ ಈ ದಾನದಲ್ಲಿ ಮೊದಲು ಮೊಳ ಹಾಕಿದವನು ಯಾರು? ವಿನಾಯಿತಿ ಎಷ್ಟು ಬರುತ್ತದೆ, ಎಳೆದೊಯ್ಯುವುದು ಉಚಿತವೇ, ಕಾಗದ ಯಾವಾಗ ಕೈಸೇರುತ್ತದೆ ಎಂದು ದಟ್ಟಿ ಕೊಡುವ ಮುನ್ನವೇ ಅಳೆದು ನೋಡಿದವನು ಕೊಟ್ಟವನೇ. ಅಳೆಯುವ ಕೋಲು ಆತನ ಕೈಯಲ್ಲಿರುವಾಗ ಅದನ್ನು ಇನ್ನೊಂದು ತುದಿಗೂ ಹಿಡಿಯಪ್ಪಾ ಎಂದು ಹೇಳುವುದು ಅನ್ಯಾಯವೇನಲ್ಲ. ಅಲ್ಲದೆ ‘ಐದು ಪೈಸೆಯಾದರೂ ತಲುಪಿತಲ್ಲ’ ಎಂಬ ಸಮಾಧಾನದ ಮಾತನ್ನು ಹೇಳುವವರು ಯಾವಾಗಲೂ ಹೊಟ್ಟೆ ತುಂಬಿದವರೇ ಆಗಿರುತ್ತಾರೆ. ಉಳಿದ ತೊಂಬತ್ತೈದು ಪೈಸೆ ಎಲ್ಲಿ ಹೋಯಿತು ಎಂದು ಕೇಳುವ ಅಧಿಕಾರ ಐದು ಪೈಸೆ ಪಡೆದವನಿಗೆ ಎಂದೂ ಸಿಗುವುದಿಲ್ಲ.

ಈ ಕಾರಿಗೆ ತೆರಿಗೆಯ ಲೆಕ್ಕವೂ ದಾನಿ ಎಣಿಸಿದಂತೆ ಇಲ್ಲ ಎಂಬುದು ಇನ್ನೂ ತಮಾಷೆ. ಲೆಕ್ಕಕ್ಕಾಗಿ ಹೇಳೋಣ: ಒಬ್ಬ 6,000 ಡಾಲರಿಗೆ ತರಿಸಿದ ಕಾರು ಇಂದು ಬಲ್ಲವರ ನಡುವೆ 18,000 ಡಾಲರಿಗೆ ಹೋಗುವಂತಿದೆ. ಅದನ್ನು ಮಾರಿ ಹಣ ಬಳಸುವ ಸಂಸ್ಥೆಗೆ ಆತ ಕಾರನ್ನೇ ಕೊಟ್ಟರೆ, ಅದು ಎಷ್ಟಕ್ಕೇ ಮಾರಾಟವಾಗಲಿ, ತಾನು ಕೊಂಡ ಬೆಲೆಗಿಂತ ಹೆಚ್ಚಿನ ವಿನಾಯಿತಿ ಆತನಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಬಯಲು ಹರಾಜಿನಲ್ಲಿ 4,000ಕ್ಕೆ ಹೋದರೆ ವಿನಾಯಿತಿ ನಾಲ್ಕೇ ಸಾವಿರಕ್ಕೆ. ಅದೇ ಆತ ತಾನೇ ಕುಳಿತು, ಕಾಗದಪತ್ರ ಜೋಡಿಸಿ, ಒಳ್ಳೆಯ ಫೋಟೋ ತೆಗೆದು, ಬಲ್ಲವರ ಹರಾಜಿನಲ್ಲಿಟ್ಟು 18,000ಕ್ಕೆ ಮಾರಿ, ಲಾಭದ ಮೇಲಿನ ತೆರಿಗೆ ಕಟ್ಟಿ, ಹಣವನ್ನು ಸಂಸ್ಥೆಗೆ ಕೊಟ್ಟರೆ? ನಗದು ದಾನಕ್ಕೆ ಕೊಟ್ಟಷ್ಟೂ ಮೊತ್ತ ಲೆಕ್ಕಕ್ಕೆ ಬರುತ್ತದೆ. ಸಂಸ್ಥೆಗೆ ಲಾರಿಯ ಖರ್ಚಿಲ್ಲ, ಏಜೆನ್ಸಿಯ ಪಾಲಿಲ್ಲ. ಇನ್ನೂ ಒಂದು ಮಾತು: 2018ರಲ್ಲಿ ಅಮೆರಿಕ ತನ್ನ ಸಾಮಾನ್ಯ ವಿನಾಯಿತಿಯ ಮೊತ್ತವನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸಿದ ಮೇಲೆ ಹತ್ತರಲ್ಲಿ ಒಂಬತ್ತು ಮಂದಿ ವಿನಾಯಿತಿಗಳನ್ನು ಬಿಡಿಬಿಡಿಯಾಗಿ ಪಟ್ಟಿ ಮಾಡುವುದನ್ನೇ ಬಿಟ್ಟಿದ್ದಾರೆ. ಅಂದರೆ ರೇಡಿಯೋ ಜಾಹೀರಾತು ಕೂಗಿ ಹೇಳುವ ಆ ಆಮಿಷದಿಂದ ಬಹುಪಾಲು ಕೇಳುಗರಿಗೆ ಸಿಗುವುದು ಸೊನ್ನೆ.

ಹಾಗಿದ್ದೂ ಜನ ಫೋನು ಮಾಡುತ್ತಾರೆ. ಯಾಕೆ? ತಾನೇ ಮಾರಬೇಕಾದರೆ ಒಂದೆರಡು ತಿಂಗಳ ಶ್ರಮ ಬೇಕು. ಲಾರಿಯವನಿಗೆ ಕೀಲಿ ಕೊಡಲು ಎರಡು ನಿಮಿಷ ಸಾಕು. ನಮ್ಮ ಕಾಲದ ಉಳ್ಳವರು ಹಣ ಕೊಡಲು ಸಿದ್ಧರಿದ್ದಾರೆ, ವಸ್ತು ಕೊಡಲು ಸಿದ್ಧರಿದ್ದಾರೆ, ತಮ್ಮ ಶನಿವಾರವನ್ನು ಮಾತ್ರ ಕೊಡಲಾರರು. ಈ ಕಾರಿನ ವಿಷಯದಲ್ಲಿ ದಾನವೆಂದರೆ ಆ ಶನಿವಾರಗಳೇ. ಆ ಕಾರಿನ ಬೆಲೆಯನ್ನು ಬಲ್ಲವನು, ಅದನ್ನು ಕೊಳ್ಳುವವರು ಎಲ್ಲಿ ಸಿಗುತ್ತಾರೆಂದು ಬಲ್ಲವನು ಆತನೊಬ್ಬನೇ. ಆ ತಿಳುವಳಿಕೆಯನ್ನು ತನ್ನಲ್ಲೇ ಇಟ್ಟುಕೊಂಡು ಬರೀ ತಗಡನ್ನು ಕೊಟ್ಟರೆ ಕೊಟ್ಟದ್ದು ತಗಡಿನ ಬೆಲೆಯನ್ನೇ.

ಕಾರು ಕೊಟ್ಟು ಬಡವರಿಗೆ ನಿಜವಾಗಿ ನೆರವಾದ ಉದಾಹರಣೆಗಳೇ ಇಲ್ಲವೆಂದಲ್ಲ, ಅವುಗಳಲ್ಲೊಂದು ನಮ್ಮ ದೇಶದ್ದೇ. 1964ರಲ್ಲಿ ಮುಂಬಯಿಗೆ ಬಂದಿದ್ದ ಆರನೇ ಪೋಪ್ ಪಾಲ್ ತಾವು ಬಳಸಿದ ಬಿಳಿಯ ಲಿಂಕನ್ ಕಾರನ್ನು ಮದರ್ ತೆರೇಸಾರಿಗೆ ಕೊಟ್ಟು ಹೋದರು. ಆಕೆ ಅದರಲ್ಲಿ ಒಂದು ದಿನವೂ ಕೂರಲಿಲ್ಲ. ಅದನ್ನು ಸಿಕ್ಕಿದ ಬೆಲೆಗೆ ಯಾವುದೋ ವ್ಯಾಪಾರಿಗೆ ದಾಟಿಸಲೂ ಇಲ್ಲ. ಆ ಕಾರಿನ ಬೆಲೆ ಇರುವುದು ಅದರ ಕಥೆಯಲ್ಲಿ ಎಂದು ಆಕೆಗೆ ಗೊತ್ತಿತ್ತು. ಲಾಟರಿ ಇಟ್ಟು, ಬಂದ ಹಣವನ್ನು ಕುಷ್ಠರೋಗಿಗಳ ವಸತಿಗೆ ಬಳಸಿದರು. ಲಾಟರಿಯ ದಾರಿ ನಮಗೆ ಒಪ್ಪಿಗೆಯಿಲ್ಲ, ಅದು ಬೇರೆ ಚರ್ಚೆ. ಆದರೆ ವಸ್ತುವಿನಿಂದ ಎಷ್ಟು ಹಿಂಡಬಹುದೋ ಅಷ್ಟನ್ನೂ ರೋಗಿಯ ಪಾಲಿಗೆ ಹಿಂಡಿದ ಆ ಛಲವನ್ನು ಮೆಚ್ಚದಿರಲು ಸಾಧ್ಯವೇ? 2017ರ ನವೆಂಬರಿನಲ್ಲಿ ಲ್ಯಾಂಬೊರ್ಗಿನಿ ಕಂಪೆನಿ ಪೋಪ್ ಫ್ರಾನ್ಸಿಸ್‌ಗೆ ಕಾರೊಂದನ್ನು ಕಾಣಿಕೆಯಾಗಿ ಕೊಟ್ಟಾಗಲೂ ಹಾಗೆಯೇ ಆಯಿತು. ಅವರು ಅದರ ಮೇಲೆ ಸಹಿ ಹಾಕಿದರು. ಮರುವರ್ಷದ ಮೇ ತಿಂಗಳಿನಲ್ಲಿ ಸಂಗ್ರಾಹಕರ ಕಾರುಗಳನ್ನೇ ಮಾರುವ ಹರಾಜು ಮನೆಯ ಮೂಲಕ ಅದು ಏಳು ಲಕ್ಷ ಯೂರೋಗೂ ಹೆಚ್ಚಿನ ಬೆಲೆಗೆ ಹೋಯಿತು. ಇರಾಕಿನ ನಿನೆವೆ ಬಯಲಿನಲ್ಲಿ ಐಸಿಸ್ ಹಾವಳಿಗೆ ಮನೆ ಕಳೆದುಕೊಂಡವರಿಗೆ ಮನೆ ಕಟ್ಟಿಕೊಡುವ ಕೆಲಸವೂ ಆ ಹಣದ ಉದ್ದೇಶಗಳಲ್ಲಿ ಒಂದಾಗಿತ್ತು. ಸಹಿ ಹಾಕಿದರೆ ಬೆಲೆ ಏರುತ್ತದೆ ಎಂದು ಯೋಚಿಸಿದ ಆ ಒಂದು ಕ್ಷಣದ ಶ್ರದ್ಧೆಯನ್ನು ಗಮನಿಸಿ.

ನಮ್ಮ ಪರಂಪರೆಯಲ್ಲೂ ಇದೇ ವಿವೇಕವಿದೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ದಾನ ಮಾಡಿದ್ದು ಅಟ್ಟದ ಮೇಲಿದ್ದ ಹಳೆಯ ಓಲೆಗರಿಯನ್ನು ದಾಟಿಸಿ ಅಲ್ಲ, ಸಾವಿರ ಪ್ರತಿಗಳನ್ನು ಬರೆಸಿ ಹಂಚಿ. ಮದೀನಾದ ಅಬೂ ತಲ್ಹಾ ಅವರಿಗೆ ಬೈರುಹಾ ಎಂಬ ಖರ್ಜೂರದ ತೋಟ ಪ್ರಾಣಕ್ಕಿಂತ ಪ್ರಿಯವಾಗಿತ್ತು. ಪ್ರಿಯವಾದದ್ದನ್ನು ಕೊಡದೆ ಪುಣ್ಯ ದಕ್ಕದು ಎಂಬ ಆದೇಶ ಬಂದಾಗ ಅದನ್ನೇ ಕೊಡಲು ಮುಂದಾದರು. ಆಗ ಪ್ರವಾದಿಯವರು ಅದನ್ನು ನಿಮ್ಮ ಬಂಧುಗಳಿಗೆ ಹಂಚಿರಿ ಎಂದು ಸಲಹೆ ಕೊಟ್ಟರು. ವಸ್ತು ಪ್ರಿಯವಾದದ್ದೇ ಎಂಬುದರ ಜೊತೆಗೆ ಅದು ಯಾರ ಕೈ ಸೇರುತ್ತದೆ ಎಂಬುದನ್ನೂ ಅಲ್ಲಿ ಕೂಡಲೇ ನಿರ್ಧರಿಸಲಾಯಿತು. ಅಂದ ಹಾಗೆ, ಸ್ವಂತ ಬಳಕೆಯ ವಾಹನಕ್ಕೆ ಝಕಾತ್ ಇಲ್ಲ. ಬೆಲೆ ಏರಿದ ಮೇಲೆ ಮಾರುವ ಉದ್ದೇಶದಿಂದಲೇ ಕೊಂಡಿಟ್ಟದ್ದು ವ್ಯಾಪಾರದ ಸರಕು, ಅದಕ್ಕೆ ವರ್ಷವರ್ಷವೂ ಲೆಕ್ಕ ಕೊಡಬೇಕು ಎಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ. ಹೂಡಿಕೆಯೆಂದು ಇಂಥ ಕಾರು ಕೂಡಿಡುವ ನಮ್ಮವರು ಕೊನೆಯಲ್ಲಿ ಅದನ್ನು ದಾನ ಮಾಡುವ ಮೊದಲು ಹಿಂದಿನ ವರ್ಷಗಳ ಬಾಕಿಯ ಬಗ್ಗೆಯೂ ಒಮ್ಮೆ ಯೋಚಿಸಲಿ.

ಇದು ಅಮೆರಿಕದ ಕಥೆ, ನಮಗೇಕೆ ಎನ್ನಬೇಡಿ. ನಮ್ಮಲ್ಲಿ 80ಜಿ ಎಂದು ದಶಕಗಳಿಂದ ಪರಿಚಿತವಾದ ತೆರಿಗೆ ವಿನಾಯಿತಿ ವಸ್ತುರೂಪದ ದಾನಕ್ಕೆ ಸಿಗುವುದಿಲ್ಲ, ಆದ್ದರಿಂದ ಈ ರೋಗ ನಮ್ಮಲ್ಲಿ ಕಾರಿನ ರೂಪದಲ್ಲಿ ಬಂದಿಲ್ಲ. ಹರಿದ ಬಟ್ಟೆಯ ರೂಪದಲ್ಲಿ ಬಂದಿದೆ. ನೆರೆ ಬಂದ ಊರುಗಳಿಗೆ ನಾವು ಕಳಿಸಿದ ಮೂಟೆಗಳನ್ನು ಬಿಚ್ಚಿ ವಿಂಗಡಿಸಿದ ಸ್ವಯಂಸೇವಕರನ್ನು ಕೇಳಿದರೆ ತಿಳಿಯುತ್ತದೆ. ಒಡೆದ ಗುಂಡಿಯ ಅಂಗಿ, ಒಂಟಿ ಚಪ್ಪಲಿ, ಮದುವೆಗೆ ಹೊಲಿಸಿದ ಜರಿಯ ಕೋಟು. ಕೆಸರಿನಲ್ಲಿ ಮನೆ ಕಳೆದುಕೊಂಡವನು ಜರಿಯ ಕೋಟನ್ನು ಏನು ಮಾಡಿಯಾನು? ಅದನ್ನು ಮಾರಿ ಅಕ್ಕಿ ಕೊಳ್ಳಬಹುದಿತ್ತು. ಮಾರುವ ಶ್ರಮ ನಮಗೆ ಬೇಡವಾಗಿತ್ತು.

ಸಂಸ್ಥೆಗಳಿಗೂ ಒಂದು ಮಾತಿದೆ. ಬೇಡ ಎನ್ನುವ ಧೈರ್ಯ ಅವಕ್ಕೆ ಬರಬೇಕು. ಅಪರೂಪದ ಕಾರು ಕೊಡಲು ಬಂದವನಿಗೆ, ಸ್ವಾಮಿ, ಇದರ ಬೆಲೆ ನಿಮಗೆ ಗೊತ್ತು, ನಮಗೆ ಗೊತ್ತಿಲ್ಲ, ನೀವೇ ಮಾರಿ ಹಣ ಕೊಡಿ, ಸಾಧ್ಯವಿಲ್ಲದಿದ್ದರೆ ಕಾಗದಪತ್ರಗಳ ಸಮೇತ ಬಲ್ಲವರ ಹರಾಜಿಗೆ ನಮ್ಮ ಹೆಸರಿನಲ್ಲಿ ಒಪ್ಪಿಸಿ ಎಂದು ಹೇಳಲಿ. ಹಾಗೆ ಹೇಳಿದರೆ ಕೆಲವರು ಮುನಿಸಿಕೊಂಡು ಹೋಗುತ್ತಾರೆ, ಹೋಗಲಿ. ಉಳಿದವರಿಗೆ ಕೊಡುವ ರಸೀದಿಯಲ್ಲಿ ನಾಲ್ಕು ಸಾಲು ಅಚ್ಚು ಹಾಕಿಸಲಿ: ಕಾರು ಮಾರಾಟವಾದದ್ದು ಇಷ್ಟಕ್ಕೆ, ಸಾಗಾಟಕ್ಕೆ ಹೋದದ್ದು ಇಷ್ಟು, ಏಜೆನ್ಸಿ ಹಿಡಿದುಕೊಂಡದ್ದು ಇಷ್ಟು, ನಮ್ಮ ಕೆಲಸಕ್ಕೆ ಉಳಿದದ್ದು ಇಷ್ಟು. ಅಮೆರಿಕ ಸರಕಾರದ 1098-ಸಿ ನಮೂನೆಯಲ್ಲಿ ಸದ್ಯಕ್ಕೆ ಇರುವುದು ಇವುಗಳಲ್ಲಿ ಮೊದಲನೆಯ ಸಾಲು ಮಾತ್ರ.